ಕಾಂಪೊ ಡೆಲ್ ಸಿಯೆಲೊ ತುಂಡು ಬೆವರುತ್ತಿದೆ, ಎಷ್ಟು ಒರೆಸಿದರೂ ತುಕ್ಕು ಮರಳುತ್ತಿದೆ

ಕಡಲಕರೆಯ ಚುಕ್ಕಿ (ಮಂಗಳೂರು), ಜೂನ್ 24
ಎರಡು ವರ್ಷ ಹಣ ಕೂಡಿಸಿ ಕೊಂಡ, ಅರ್ಜೆಂಟೀನಾದ ಕಾಂಪೊ ಡೆಲ್ ಸಿಯೆಲೊ ಎಂಬ ಕಬ್ಬಿಣದ ಉಲ್ಕಾಶಿಲೆಯ 140 ಗ್ರಾಂ ತುಂಡು ನನ್ನ ಕಣ್ಣೆದುರೇ ಹಾಳಾಗುತ್ತಿದೆ. ಮಳೆ ಹಿಡಿದ ವಾರದಲ್ಲೇ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕಂದು ಹನಿಗಳು ಮೂಡಿದವು. ಒರೆಸಿದೆ, ಮೂರನೆಯ ದಿನ ಅಲ್ಲೇ ಮತ್ತೆ ಬಂದವು. ಹೊಲಿಗೆ ಯಂತ್ರದ ಎಣ್ಣೆ ಹಚ್ಚಿದೆ, ಎಣ್ಣೆಯ ಅಡಿಯಿಂದಲೇ ಹನಿ ಎದ್ದಿತು. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಟ್ಟರೂ ನಿಂತಿಲ್ಲ. ವಿಡ್ಮನ್‌ಸ್ಟಾಟನ್ ಗೆರೆಗಳ, ಅಂದರೆ ಕೊಯ್ದ ಮುಖಕ್ಕೆ ದ್ರಾವಣ ತಾಕಿಸಿದಾಗ ಏಳುವ ಹರಳಿನ ವಿನ್ಯಾಸದ, ಮೇಲೆ ಈಗ ಕಿತ್ತಳೆ ಬಣ್ಣ ಹರಿದಿದೆ. ಏನು ಮಾಡಲಿ? ದಯವಿಟ್ಟು ಬೇಗ ಹೇಳಿ.

ಕಬ್ಬಿಣದ ಮೋಹಿ, ಜೂನ್ 24
ಮಂಗಳೂರು ಎಂದಿರಿ, ಅಲ್ಲಿಗೆ ಉತ್ತರ ಸಿಕ್ಕಿತು. ಉಪ್ಪುಗಾಳಿ. ಕರಾವಳಿಯಲ್ಲಿ ಕಿಟಕಿಯ ಸರಳೇ ಉಳಿಯುವುದಿಲ್ಲ, ಇನ್ನು ಉಲ್ಕಾಶಿಲೆ ಉಳಿಯುತ್ತದೆಯೇ? ಘಟ್ಟದ ಮೇಲಿರುವ ಯಾರ ಮನೆಗಾದರೂ ಕಳುಹಿಸಿ, ಮಳೆಗಾಲ ಮುಗಿದ ಮೇಲೆ ತರಿಸಿಕೊಳ್ಳಿ.

ಕಡಲಕರೆಯ ಚುಕ್ಕಿ, ಜೂನ್ 24
ಅದೇ ಕಪಾಟಿನಲ್ಲಿ ರಷ್ಯಾದಲ್ಲಿ ಬಿದ್ದ ಸಿಖೋತೆ-ಅಲಿನ್ ಎಂಬ ಕಬ್ಬಿಣದ ಉಲ್ಕಾಶಿಲೆಯ ಒಂದು ಚೂರಿದೆ. ನಾಲ್ಕು ಮಳೆಗಾಲ ಕಳೆದರೂ ಅದಕ್ಕೆ ಒಂದು ಚುಕ್ಕೆ ತುಕ್ಕು ಬಂದಿಲ್ಲ. ಗಾಳಿ ಎರಡಕ್ಕೂ ಒಂದೇ ಅಲ್ಲವೇ?

ಕಬ್ಬಿಣದ ಮೋಹಿ, ಜೂನ್ 25
ಸಿಖೋತೆ-ಅಲಿನ್ ಚೂರಿಗೆ ಕರಗಿ ಗಟ್ಟಿಯಾದ ಹೊರಪೊರೆ ಇರುತ್ತದೆ, ನಿಮ್ಮ ಕಾಂಪೊ ಕೊಯ್ದ ತುಂಡು. ಉಪ್ಪುಗಾಳಿಯೇ ಕಾರಣ.

ನಿಕ್ಕಲ್ ಗೆರೆ, ಜೂನ್ 25
ಗಾಳಿಯನ್ನು ಸ್ವಲ್ಪ ಬಿಡಿ. ಸಿಖೋತೆ-ಅಲಿನ್ ಬಿದ್ದದ್ದು 1947ರ ಫೆಬ್ರುವರಿ 12ರಂದು, ಹಗಲಲ್ಲಿ, ಜನ ನೋಡುತ್ತಿರುವಾಗ. ಕಾಂಪೊ ಬಿದ್ದು ನಾಲ್ಕು ಸಾವಿರ ವರ್ಷಗಳಾದರೂ ಆಗಿವೆ. ಅಷ್ಟು ಕಾಲ ಅರ್ಜೆಂಟೀನಾದ ಮಣ್ಣಿನ ನೀರನ್ನು ಕುಡಿದ ಕಬ್ಬಿಣ ಅದು. ಬಿರುಕುಗಳ ಒಳಗೆ ಕ್ಲೋರೈಡ್ ಸೇರಿಕೊಂಡಿರುತ್ತದೆ. ಅದು ಕಬ್ಬಿಣವನ್ನು ತಿನ್ನುತ್ತದೆ, ತುಕ್ಕಾದ ಮೇಲೆ ಆಮ್ಲವಾಗಿ ಹೊರಬಂದು ಮತ್ತೆ ಹೊಸ ಕಬ್ಬಿಣಕ್ಕೆ ಬಾಯಿ ಹಾಕುತ್ತದೆ. ತಾನು ಮಾತ್ರ ಖರ್ಚಾಗುವುದಿಲ್ಲ. ಎಣ್ಣೆಯ ಅಡಿಯಿಂದ ಹನಿ ಎದ್ದದ್ದು ಅದಕ್ಕೇ.

ಹಳೆಯ ಸಂಗ್ರಾಹಕ, ಜೂನ್ 25
ಇದಕ್ಕೆ ಲಾರೆನ್ಸೈಟ್ ರೋಗ ಎಂದು ಹೆಸರು. ಲಾರೆನ್ಸೈಟ್ ಎಂದರೆ ಕಬ್ಬಿಣದ ಕ್ಲೋರೈಡ್ ಖನಿಜ, ಅದು ಬಾಹ್ಯಾಕಾಶದಿಂದಲೇ ಕಬ್ಬಿಣದೊಳಗೆ ಬಂದಿರುತ್ತದೆ. ಮದ್ದಿಲ್ಲ.

ನಿಕ್ಕಲ್ ಗೆರೆ, ಜೂನ್ 25
ಕ್ಷಮಿಸಿ, ಅದು ಹಳೆಯ ನಂಬಿಕೆ. ಉಲ್ಕಾಶಿಲೆ ತಜ್ಞರಾದ ಬುಕ್ವಾಲ್ಡ್ ಮತ್ತು ಕ್ಲಾರ್ಕ್ 1989ರಲ್ಲೇ ಅಂಟಾರ್ಕ್ಟಿಕಾದ ಉಲ್ಕಾಶಿಲೆಗಳನ್ನು ಪರೀಕ್ಷಿಸಿ, ಕ್ಲೋರಿನ್ ಅಡಗಿರುವುದು ಅಕಗಾನೈಟ್ ಎಂಬ ತುಕ್ಕಿನಲ್ಲಿ, ಅದು ಸೇರಿದ್ದು ಭೂಮಿಯ ಮೇಲೆ ಎಂದು ತೋರಿಸಿದ್ದಾರೆ. ಹೊರಗಿನಿಂದ ಬಂದದ್ದನ್ನು ಹೊರಗೆ ತೆಗೆಯಲೂ ಸಾಧ್ಯವಿದೆ.

ಹಳೆಯ ಸಂಗ್ರಾಹಕ, ಜೂನ್ 26
ನಾನು ಮೂವತ್ತು ವರ್ಷಗಳಿಂದ ಲಾರೆನ್ಸೈಟ್ ಎಂದೇ ಕರೆಯುತ್ತಿದ್ದೇನೆ. ಇರಲಿ, ನಿಮ್ಮ ತುಂಡಿಗೆ ಕಾಗದಪತ್ರ ಇದೆಯೇ? 2007ರ ಕಾನೂನಿನ ಪ್ರಕಾರ ಅರ್ಜೆಂಟೀನಾದ ಉಲ್ಕಾಶಿಲೆಗಳು ಆ ದೇಶದ ಸಾಂಸ್ಕೃತಿಕ ಸೊತ್ತು. ಮೊದಲು ಅದಕ್ಕೆ ಉತ್ತರ ಕೊಡಿ.

ಕಡಲಕರೆಯ ಚುಕ್ಕಿ, ಜೂನ್ 26
ಅದಕ್ಕೂ ಹಿಂದಿನ ಸಂಗ್ರಹದಿಂದ ಬಂದದ್ದು, ಹಳೆಯ ಚೀಟಿ ಇದೆ. ನನ್ನ ಪ್ರಶ್ನೆ ತುಕ್ಕಿನದು.

ಜೆಮಿನಿಡ್ ಕಾವಲುಗಾರ, ಜೂನ್ 26
ನನ್ನ ಕಪಾಟಿನಲ್ಲಿ ತೇವಾಂಶ ಶೇಕಡ 30 ದಾಟುವುದಿಲ್ಲ. ಕ್ಯಾಮೆರಾ ಮಸೂರಗಳಿಗೆಂದು ಕೊಂಡ ಒಣ ಪೆಟ್ಟಿಗೆಯ ಮೇಲಿನ ಎರಡು ತಟ್ಟೆಗಳಲ್ಲಿ ಮಸೂರ, ಕೆಳಗಿನ ತಟ್ಟೆಯಲ್ಲಿ ಗಿಬಿಯೊನ್ ಮತ್ತು ಮುವೊನಿಯೊನಲುಸ್ತ ಎಂಬ ಕಬ್ಬಿಣದ ಉಲ್ಕಾಶಿಲೆಗಳು. ಡಿಸೆಂಬರ್ 13ರ ರಾತ್ರಿ ಚಿತ್ರದುರ್ಗದ ಬಯಲಿನಲ್ಲಿ ಅದೇ ಮಸೂರಗಳಿಂದ ಹಿಡಿದ ಉಲ್ಕೆಗಳ ಚಿತ್ರಗಳನ್ನು ಬೇರೆ ಚರ್ಚೆಯಲ್ಲಿ ಹಾಕಿದ್ದೇನೆ, ನೋಡಿ.

ಕಬ್ಬಿಣದ ಮೋಹಿ, ಜೂನ್ 26
ಪೆಟ್ಟಿಗೆ ಯಾವ ಅಳತೆಯದು? 50 ಲೀಟರಿನದು ಸಾಕೇ?

ನಿಕ್ಕಲ್ ಗೆರೆ, ಜೂನ್ 27
ಚುಕ್ಕಿಯವರೇ, ಒಂದು ಮಾತು ಕೇಳಲು ಮರೆತೆ. ವಿನ್ಯಾಸವನ್ನು ಮೂಡಿಸಿದವರು ಯಾರು? ಮಾರಿದವರೇ, ನೀವೇ? ಯಾವ ದ್ರಾವಣದಿಂದ?

ಕಡಲಕರೆಯ ಚುಕ್ಕಿ, ಜೂನ್ 27
ನಾನೇ, ಏಪ್ರಿಲ್‌ನಲ್ಲಿ. ಸರ್ಕ್ಯೂಟ್ ಬೋರ್ಡ್ ಕೊರೆಯಲು ತಂದಿದ್ದ ಫೆರಿಕ್ ಕ್ಲೋರೈಡ್ ಉಳಿದಿತ್ತು. ಗೆರೆಗಳು ಬಹಳ ಚೆನ್ನಾಗಿ ಎದ್ದವು. ಆಮೇಲೆ ನಲ್ಲಿಯ ನೀರಿನಲ್ಲಿ ಚೆನ್ನಾಗಿ ತೊಳೆದು ಬಿಸಿಲಿಗೆ ಇಟ್ಟೆ. ಇದಕ್ಕೂ ತುಕ್ಕಿಗೂ ಸಂಬಂಧವಿದೆ ಎಂದು ಹೊಳೆಯಲೇ ಇಲ್ಲ.

ನಿಕ್ಕಲ್ ಗೆರೆ, ಜೂನ್ 27
ಇದನ್ನು ಮೊದಲ ದಿನವೇ ಹೇಳಿದ್ದರೆ ಮೂರು ದಿನ ಉಳಿಯುತ್ತಿತ್ತು. ಮೊದಲೇ ಕ್ಲೋರೈಡ್ ಇರುವ ಕಬ್ಬಿಣಕ್ಕೆ ನೀವು ಇನ್ನಷ್ಟು ಕ್ಲೋರೈಡ್ ಕುಡಿಸಿದ್ದೀರಿ. ನಲ್ಲಿಯ ನೀರಿನಲ್ಲೂ ಅದು ಇರುತ್ತದೆ. ನೈಟ್ರಿಕ್ ಆಮ್ಲವನ್ನು ಆಲ್ಕೋಹಾಲಿನಲ್ಲಿ ಬೆರೆಸಿ ಮಾಡುವ ನೈಟಾಲ್‌ಗೆ ಈ ತೊಂದರೆ ಇಲ್ಲ, ಆದರೆ ಅದನ್ನು ಬಿಗಿಯಾಗಿ ಮುಚ್ಚಿದ ಸೀಸೆಯಲ್ಲಿ ಎಂದೂ ಇಡಬೇಡಿ, ಒತ್ತಡ ಏರಿ ಸಿಡಿಯಬಹುದು.

ಈಗ ಎಣ್ಣೆಯನ್ನೆಲ್ಲ ಅಸಿಟೋನ್‌ನಿಂದ ತೆಗೆಯಿರಿ. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ 20 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ತುಂಡನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಳುಗಿಸಿಡಿ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ವಾರಕ್ಕೊಮ್ಮೆ ದ್ರಾವಣ ಬದಲಿಸಿ, ಹಳೆಯ ದ್ರಾವಣಕ್ಕೆ ಸಿಲ್ವರ್ ನೈಟ್ರೇಟ್ ಹನಿ ಹಾಕಿ ನೋಡಿ. ಬಿಳಿ ಮೋಡ ಕಟ್ಟಿದರೆ ಕ್ಲೋರೈಡ್ ಇನ್ನೂ ಹೊರಬರುತ್ತಿದೆ ಎಂದರ್ಥ. ತಿಂಗಳುಗಳೇ ಹಿಡಿಯಬಹುದು.

ಕಬ್ಬಿಣದ ಮೋಹಿ, ಜೂನ್ 28
ಆದರೂ ಉಪ್ಪುಗಾಳಿಯ ಪಾಲೂ ಇದೆ.

ಕಡಲಕರೆಯ ಚುಕ್ಕಿ, ಜುಲೈ 6
ಮೊದಲ ವಾರ ಮುಗಿಯಿತು. ಹನಿ ಹಾಕಿದರೆ ಬಿಳಿ ಬರಲಿಲ್ಲ, ಕಾಫಿ ಗಸಿಯಂತಹ ಕಂದು ಕೆಸರು ಕೂತಿತು. ಮುಂದಿನ ವಾರದ ಹೊಸ ದ್ರಾವಣಕ್ಕೆ ತುಂಡು ಹಾಕುವ ಮೊದಲೇ ನೋಡಿದೆ, ಅದರಲ್ಲೂ ಅದೇ ಕೆಸರು! ಡಿಸ್ಟಿಲ್ಡ್ ನೀರೇ ಕೆಟ್ಟದ್ದೇ?

ನಿಕ್ಕಲ್ ಗೆರೆ, ಜುಲೈ 6
ನೀರು ಕೆಟ್ಟಿಲ್ಲ. ಕ್ಷಾರದಲ್ಲಿ ಬೆಳ್ಳಿಯ ಆಕ್ಸೈಡ್ ಕಂದಾಗಿ ಕೂರುತ್ತದೆ, ಇದನ್ನು ನಾನು ಹೇಳಬೇಕಿತ್ತು, ತಪ್ಪು ನನ್ನದು. ಪರೀಕ್ಷೆಗೆ ತೆಗೆದ ಒಂದು ಚಮಚ ದ್ರಾವಣಕ್ಕೆ ಮೊದಲು ದುರ್ಬಲ ನೈಟ್ರಿಕ್ ಆಮ್ಲವನ್ನು ಹನಿಹನಿಯಾಗಿ ಹಾಕಿ, ಲಿಟ್ಮಸ್ ಕೆಂಪಾದ ಮೇಲೆ ಸಿಲ್ವರ್ ನೈಟ್ರೇಟ್ ಸೇರಿಸಿ. ಹೈಡ್ರೋಕ್ಲೋರಿಕ್ ಆಮ್ಲ ಮಾತ್ರ ಬೇಡ, ಅದರಲ್ಲೇ ಕ್ಲೋರೈಡ್ ಇದೆ.

ಕಡಲಕರೆಯ ಚುಕ್ಕಿ, ಜುಲೈ 7
ಈಗ ಸರಿಯಾಗಿ ಕಂಡಿತು. ತುಂಡು ಒಂದು ವಾರ ಮುಳುಗಿದ್ದ ದ್ರಾವಣದಲ್ಲಿ ಹಾಲು ಒಡೆದಂತೆ ಬಿಳಿ, ಹೊಸ ದ್ರಾವಣ ತಿಳಿಯಾಗಿಯೇ ಉಳಿಯಿತು.

ಹಳೆಯ ಸಂಗ್ರಾಹಕ, ಜುಲೈ 7
ಕೊನೆಯಲ್ಲಿ ಕ್ಷಾರ ಹೋಗುವಂತೆ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ನೀರಿನಂಶವಿಲ್ಲದ ಆಲ್ಕೋಹಾಲಿನಲ್ಲಿ ಎರಡು ಸಲ ಅದ್ದಿರಿ. ಆಲ್ಕೋಹಾಲ್ ಪೂರ್ತಿ ಆರಿದ ಮೇಲೆಯೇ ಒಲೆಯ ಬಿಸಿಗೆ ಇಡಬೇಕು, ಇಲ್ಲದಿದ್ದರೆ ಬೆಂಕಿ ಹತ್ತುತ್ತದೆ. ಬೆಚ್ಚಗಿರುವಾಗಲೇ ಮೈಕ್ರೋಕ್ರಿಸ್ಟಲೈನ್ ಮೇಣ ಸವರಿ. ಸಿಲಿಕಾ ಜೆಲ್ ಬಣ್ಣ ನೋಡಿದ್ದೀರಾ? ನೀಲಿ ಹೋಗಿ ಗುಲಾಬಿಯಾಗಿದ್ದರೆ ಅದು ಇದ್ದೂ ಇಲ್ಲದಂತೆ.

ಕಡಲಕರೆಯ ಚುಕ್ಕಿ, ಜುಲೈ 7
ಪೂರ್ತಿ ಗುಲಾಬಿ. ಜೆಲ್ ಅನ್ನು ಇವತ್ತೇ ಹುರಿದು ಒಣಗಿಸುತ್ತೇನೆ.

ಕಡಲಕರೆಯ ಚುಕ್ಕಿ, ಆಗಸ್ಟ್ 19
ಏಳನೆಯ ದ್ರಾವಣ. ಬಿಳಿ ಕಡಿಮೆಯಾಗಿದೆ, ನಿಂತಿಲ್ಲ. ಒಂದು ಬಿರುಕಿನ ಬದಿಯಲ್ಲಿ ಗೆರೆಗಳು ಅಳಿಸಿಹೋಗಿವೆ. ಮತ್ತೆ ಉಜ್ಜಿ ನೈಟಾಲ್ ಹಾಕಬೇಕೇ, ಇದ್ದಂತೆಯೇ ಬಿಡಬೇಕೇ?

ಜೆಮಿನಿಡ್ ಕಾವಲುಗಾರ, ಆಗಸ್ಟ್ 20
ಈ ಸಲ ಪರ್ಸೀಡ್ ಉಲ್ಕಾವೃಷ್ಟಿಯ ರಾತ್ರಿ ಕರಾವಳಿಯಲ್ಲಿ ಯಾರಿಗಾದರೂ ಮೋಡ ಸರಿದಿತ್ತೇ?