'ಬಂದಾನ', 'ಬಂದಾನು' ಮತ್ತು ಇಂಗ್ಲಿಷಿನ 'ಹ್ಯಾಸ್ ಕಮ್'

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಹತ್ತನೇ ತರಗತಿ ಮಕ್ಕಳಿಗೆ ಸಂಜೆ ಇಂಗ್ಲಿಷ್ ಗ್ರಾಮರ್ ಹೇಳಿಕೊಡುತ್ತೇನೆ. ಬಿಟ್ಟ ಸ್ಥಳ ತುಂಬಿಸುವಾಗ ಒಂದು ತೊಡಕು ಪದೇ ಪದೇ ಬರುತ್ತಿದೆ. ಬಲ್ಲವರು ಬಿಡಿಸಿ ಹೇಳಬೇಕು.

ಗೈಡುಗಳಲ್ಲಿ ಪ್ರೆಸೆಂಟ್ ಪರ್ಫೆಕ್ಟಿಗೆ, ಅಂದರೆ 'ಹ್ಯಾಸ್ ಕಮ್' ಥರದ ರೂಪಕ್ಕೆ, 'ಪೂರ್ಣ ವರ್ತಮಾನ ಕಾಲ' ಅಂತ ಹಾಕಿರುತ್ತಾರೆ. ಮಕ್ಕಳು ಸುಮ್ನೆ ಬಿಡ್ತಾರಾ? 'ಕೆಲಸ ಮುಗದದ ಅಂತೀರಿ, ಮತ್ತ ವರ್ತಮಾನ ಹೆಂಗ್ರೀ ಸರ?' ಕೇಳಿದ್ದರಲ್ಲಿ ತಪ್ಪೇನಿಲ್ಲ. ಅದೇ ನಮ್ಮ ಕಡೆಯ ಮಾತಿಗೆ ತಿರುಗಿಸಿದರೆ ಪಾಠ ಸಲೀಸು. 'ಅಂವ ಬಂದ' ಅಂದರೆ ಬಂದದ್ದಷ್ಟೇ ಸುದ್ದಿ. 'ಅಂವ ಬಂದಾನ' ಅಂದರೆ ಬಂದವನು ಇಲ್ಲೇ ಇದ್ದಾನೆ, ಚಹಾಕ್ಕೆ ಇಡಬೇಕು. 'ಹ್ಯಾಸ್ ಗಾನ್', 'ಹ್ಯಾಸ್ ಬೀನ್' ಅಂತೂ ಹೇಳಿ ಮಾಡಿಸಿದ ಹಾಗೆ ಹೊಂದುತ್ತವೆ. 'ಗದಗಿಗೆ ಹೋಗ್ಯಾನ' ಅಂದರೆ ಇನ್ನೂ ಅಲ್ಲೇ ಇದ್ದಾನೆ, 'ಹ್ಯಾಸ್ ಗಾನ್ ಟು ಗದಗ'. 'ಗದಗಿಗೆ ಹೋಗಿ ಬಂದಾನ' ಅಂದರೆ 'ಹ್ಯಾಸ್ ಬೀನ್ ಟು ಗದಗ'.

ಆದರೆ ಈ ದಾರಿ ಪೂರ್ತಿ ಹೋಗುವುದಿಲ್ಲ. ನಾವು 'ನಿನ್ನೆನ ಬಂದಾನ' ಅನ್ನುತ್ತೇವೆ, ಅದು ಸರಿಯಾದ ಕನ್ನಡ. ಅದನ್ನೇ ನಂಬಿ ಹುಡುಗ 'ಹಿ ಹ್ಯಾಸ್ ಕಮ್ ಯೆಸ್ಟರ್ಡೇ' ಅಂತ ಬರೆದರೆ ಮಾರ್ಕ್ಸ್ ಹೋಯಿತು. ಮುಗಿದು ಹೋದ ಹೊತ್ತನ್ನು ಹೆಸರಿಸಿದ ಮೇಲೆ ಇಂಗ್ಲಿಷಿನಲ್ಲಿ 'ಕೇಮ್' ಒಂದೇ ಗತಿ. 'ಜಸ್ಟ್', 'ಆಲ್ರೆಡಿ', 'ಯೆಟ್' ಇದ್ದರೆ 'ಹ್ಯಾಸ್' ನಡೆಯುತ್ತದೆ. ಅಮೆರಿಕದವರು ಅಲ್ಲೂ 'ಡಿಡ್ ಯು ಈಟ್ ಯೆಟ್' ಅಂತ ಹೇಳುವುದುಂಟು, ಅದನ್ನು ಮಕ್ಕಳಿಗೆ ಸದ್ಯಕ್ಕೆ ಹೇಳಿಲ್ಲ.

ನನ್ನ ಪ್ರಶ್ನೆ ಇರುವುದು ಕನ್ನಡದ ಕಡೆ. ಕನ್ನಡ ವ್ಯಾಕರಣದ ಪಾಠದಲ್ಲಿ 'ಬಂದಾನು', 'ಮಾಡಿಯಾನು' ಸಂಭಾವನಾರ್ಥಕ ರೂಪಗಳು, ಬಂದರೂ ಬರಬಹುದು ಅನ್ನುವ ಅರ್ಥ. ನಮ್ಮ ಹುಡುಗರು 'ಮಾಡಿಯಾನು' ಅನ್ನುವುದನ್ನು ಬಾಯಲ್ಲಿ 'ಮಾಡ್ಯಾನ' ಮಾಡಿಕೊಂಡು, 'ಹ್ಯಾಸ್ ಡನ್' ಅಂತ ಇಂಗ್ಲಿಷಿಗೆ ತರುತ್ತಾರೆ. ಬರೆಯಬೇಕಾದದ್ದು 'ಮೇ ಡೂ'. ಒಂದು ಸ್ವರ ಬದಲಾದರೆ ಆಗಿಹೋದದ್ದು ಆದೀತೋ ಇಲ್ಲವೋ ಅನ್ನುವಂತಾಗುತ್ತದೆ ನೋಡಿ! ಹುಬ್ಬಳ್ಳಿ-ಧಾರವಾಡದ ಆಡುಮಾತಿನಲ್ಲಿ ಈ ಅರ್ಥಕ್ಕೆ 'ಬರಬಹುದು' ಜಾಸ್ತಿ. ಹಳೆಯ ರೂಪ ನನ್ನ ಕಿವಿಗೆ ಬೀಳುವುದು 'ಬಿದ್ದಗಿದ್ದೀ, ಹುಷಾರ್' ಅನ್ನುವಂಥ ಎಚ್ಚರಿಕೆಯಲ್ಲಿ.

'ಬಂದಾನ', 'ಬಂದಾನು' ಎರಡಕ್ಕೂ ಬೇರು ಒಂದೇನಾ? ಅಥವಾ ನಮ್ಮ 'ಬಂದಾನ' ಅನ್ನುವುದು 'ಬಂದಿದ್ದಾನೆ' ಸವೆದು ಆದದ್ದಾ? ಹಾವೇರಿ, ರಾಣೆಬೆನ್ನೂರು ಕಡೆಯವರು ದಿನದ ಮಾತಿನಲ್ಲಿ ಯಾವುದನ್ನು ಬಳಸುತ್ತೀರಿ? 'ಬಂದಾನು' ಅಂತ ಮನೆಯಲ್ಲಿ ಈಗಲೂ ಯಾರಾದರೂ ಅನ್ನುತ್ತಿದ್ದರೆ, ಪೂರ್ತಿ ವಾಕ್ಯವನ್ನೇ ಬರೆದು ಕಳಿಸಿ.