ಕಂಪ್ಯೂಟರ್ ಆನ್ ಆಗುತ್ತಿಲ್ಲ, ಫ್ಯಾನ್ ತಿರುಗಿ ನಿಂತುಬಿಡುತ್ತದೆ, ಅರ್ಜೆಂಟ್!!

ಬೆಣ್ಣೆದೋಸೆ_ಡಿಟಿಪಿ · 3 ಅಕ್ಟೋಬರ್ 2025, ಬೆಳಿಗ್ಗೆ 10:12
ಎಲ್ಲರಿಗೂ ನಮಸ್ಕಾರ. ಡೆಸ್ಕ್‌ಟಾಪ್ ಆನ್ ಆಗುತ್ತಿಲ್ಲ. ಫ್ಯಾನ್ ತಿರುಗುತ್ತದೆ, ನಿಲ್ಲುತ್ತದೆ, ಅಷ್ಟೇ. ಮಾನಿಟರ್ ಪೂರ್ತಿ ಕಪ್ಪು. ಬೀಪ್ ಕೂಡ ಇಲ್ಲ. ಮೊನ್ನೆವರೆಗೆ ಚೆನ್ನಾಗೇ ಓಡುತ್ತಿತ್ತು, ನಾನು ಏನೂ ಮಾಡಿಲ್ಲ. ಸೋಮವಾರ ಗೃಹಪ್ರವೇಶದ ಕಾರ್ಡ್ 300 ಪ್ರಿಂಟಿಗೆ ಕೊಡಬೇಕು, ಫೈಲ್ ಎಲ್ಲಾ ಅದರೊಳಗೇ ಇದೆ. ಪಾರ್ಟಿ ಆಗಲೇ ಎರಡು ಸಲ ಫೋನ್ ಮಾಡಿದ್ದಾರೆ. ಬೇಗ ಹೇಳಿ.

ಸೋಲ್ಡರ್_ಹೊಗೆ · 10:20
ಎಸ್‌ಎಂಪಿಎಸ್ (ಒಳಗೆಲ್ಲಾ ಕರೆಂಟ್ ಕೊಡುವ ಡಬ್ಬ) ಹೋಗಿದೆ. ಕಣ್ಣು ಮುಚ್ಚಿಕೊಂಡು ಹೇಳಬಹುದು. ಬದಲಾಯಿಸಿ.

ಕರಾವಳಿ_ತುಕ್ಕು · 10:31
ಅಣ್ಣಾ, ಮೊದಲು ಯಾವ ಬೋರ್ಡು, ಯಾವ ಪ್ರೊಸೆಸರ್ ಅಂತ ಹೇಳಿ. ‘ಡೆಸ್ಕ್‌ಟಾಪ್’ ಅಂದರೆ ಏನಂತ ತಿಳಿಯುವುದು? ರ್‍ಯಾಮ್ (ಮೆಮೊರಿ ಪಟ್ಟಿ) ತೆಗೆದು ಅದರ ಪಿನ್ನನ್ನು ರಬ್ಬರಿನಲ್ಲಿ ಉಜ್ಜಿ ಹಾಕಿದಿರಾ? ನಮ್ಮ ಕಡೆ ಮಳೆಗಾಲ ಮುಗಿಯುವ ಹೊತ್ತಿಗೆ ಹತ್ತರಲ್ಲಿ ಆರು ಕೇಸು ಅದೇ.

ಬೆಣ್ಣೆದೋಸೆ_ಡಿಟಿಪಿ · 10:44
ಐ5 6500, ಎಚ್110 ಬೋರ್ಡ್, 8+8 ಜಿಬಿ ಡಿಡಿಆರ್4. ವಿಂಡೋಸ್ ಇರುವ ಎಸ್‌ಎಸ್‌ಡಿ (ವೇಗದ ಡಿಸ್ಕ್) ಒಂದು, ಹಳೇ 1 ಟಿಬಿ ಹಾರ್ಡ್‌ಡಿಸ್ಕ್ ಒಂದು. ಗ್ರಾಫಿಕ್ಸ್ ಕಾರ್ಡ್ ಇಲ್ಲ. 2016ರಲ್ಲಿ ತಗೊಂಡಿದ್ದು. ಎಸ್‌ಎಂಪಿಎಸ್ ಕ್ಯಾಬಿನೆಟ್ ಜೊತೆಗೇ ಬಂದಿದ್ದು, ಮೇಲೆ 450 ವ್ಯಾಟ್ ಅಂತ ಬರೆದಿದೆ.

ಸೋಲ್ಡರ್_ಹೊಗೆ · 10:47
ಕ್ಯಾಬಿನೆಟ್ ಜೊತೆಗೆ ಬಂದ 450 ವ್ಯಾಟ್! ನಾನು ಹೇಳಲಿಲ್ವಾ? ಅದು ಸ್ಟಿಕರ್ ಮಾತ್ರ ಸ್ವಾಮಿ. ಕೈಯಲ್ಲಿ ಎತ್ತಿ ನೋಡಿ, ಹಪ್ಪಳದ ಡಬ್ಬದಷ್ಟು ಹಗುರ ಇರುತ್ತದೆ. ಮಲ್ಟಿಮೀಟರ್ ಇದ್ದರೆ ಪರೀಕ್ಷೆ ಮಾಡಿ. ಬೋರ್ಡಿನಿಂದ ಎಲ್ಲಾ ಕನೆಕ್ಟರ್ ಬಿಚ್ಚಿ. 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ವೈರಿಗೂ ಪಕ್ಕದ ಕಪ್ಪಿಗೂ ಪೇಪರ್ ಕ್ಲಿಪ್ ಹಾಕಿ, ಆಮೇಲೆ ಕರೆಂಟ್ ಕೊಡಿ. ಫ್ಯಾನ್ ತಿರುಗಬೇಕು. ಹಳದಿಯಲ್ಲಿ 11.4ರಿಂದ 12.6 ವೋಲ್ಟ್ ಒಳಗೆ ಬರಬೇಕು. ನೇರಳೆ ವೈರಿನಲ್ಲಿ ಕಂಪ್ಯೂಟರ್ ಆಫ್ ಇದ್ದಾಗಲೂ 5 ವೋಲ್ಟ್ ಇರಬೇಕು. ಎಸ್‌ಎಂಪಿಎಸ್ ಡಬ್ಬ ಮಾತ್ರ ಬಿಚ್ಚಬೇಡಿ, ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಜಾಸ್ತಿ ಕೂತಿರುತ್ತದೆ.

ಶುದ್ಧ_ಸಂಪರ್ಕ · 10:58
ರಬ್ಬರ್ ಉಜ್ಜುವ ಪದ್ಧತಿ ಯಾವಾಗ ನಿಲ್ಲುತ್ತದೋ! ಆ ಪಿನ್ನಿನ ಚಿನ್ನದ ಲೇಪನ ಕೂದಲಿಗಿಂತ ಎಷ್ಟೋ ತೆಳು. ಐಸೋಪ್ರೊಪೈಲ್ ಆಲ್ಕೋಹಾಲ್ ತಂದು ಹತ್ತಿಬಟ್ಟೆಯಲ್ಲಿ ಒರೆಸಿ.

ಕರಾವಳಿ_ತುಕ್ಕು · 11:05
ಹದಿನೈದು ವರ್ಷದಿಂದ ರಬ್ಬರ್ ಉಜ್ಜುತ್ತಿದ್ದೇನೆ, ಒಂದು ರ್‍ಯಾಮ್ ಕೂಡ ಸತ್ತಿಲ್ಲ. ಹಬ್ಬದ ಮಾರನೇ ದಿನ ನಿಮ್ಮ ಆಲ್ಕೋಹಾಲ್ ಹುಡುಕಿಕೊಂಡು ಅವರು ಎಲ್ಲಿ ಅಲೆಯಬೇಕು? ಮೆಡಿಕಲ್ ಶಾಪಿನವನು ಸ್ಯಾನಿಟೈಸರ್ ಕೊಟ್ಟು ಕಳಿಸುತ್ತಾನೆ.

ಶುದ್ಧ_ಸಂಪರ್ಕ · 11:09
ಸ್ಯಾನಿಟೈಸರ್ ಅಂತ ನಾನು ಹೇಳಿದೆನಾ? ಅದರಲ್ಲಿ ಗ್ಲಿಸರಿನ್ ಇರುತ್ತದೆ, ಅಂಟುತ್ತದೆ. ರಬ್ಬರಿನ ಪುಡಿ ಸ್ಲಾಟಿನೊಳಗೆ ಬಿದ್ದರೆ ತೆಗೆಯುವವರು ಯಾರು?

ಬೆಣ್ಣೆದೋಸೆ_ಡಿಟಿಪಿ · ಮಧ್ಯಾಹ್ನ 12:36
ಮಗನ ಕಂಪಾಸ್ ಬಾಕ್ಸಿನ ರಬ್ಬರಿನಲ್ಲೇ ಉಜ್ಜಿದೆ, ಕ್ಷಮಿಸಿ. ರ್‍ಯಾಮ್ ಒಂದೊಂದೇ ಹಾಕಿ ಎರಡೂ ಸ್ಲಾಟಿನಲ್ಲಿ ನೋಡಿದೆ. ಅದೇ ಕಥೆ. ಮೀಟರ್ ಪಕ್ಕದ ಅಂಗಡಿಯಿಂದ ತಂದೆ. ಹಳದಿ 12.1, ಕೆಂಪು 5.05, ನೇರಳೆ 5.0. ಇನ್ನೊಂದು ವಿಷಯ, ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಅದು ಮೊದಲಿಂದಲೂ ಇದೆ.

ಸೋಲ್ಡರ್_ಹೊಗೆ · 12:40
ಲೋಡ್ ಇಲ್ಲದಾಗ 12.1 ತೋರಿಸುವುದು ದೊಡ್ಡದಲ್ಲ. ಲೋಡ್ ಬಿದ್ದ ತಕ್ಷಣ ಕುಸಿಯುತ್ತದೆ. ಜುಮ್ ಅನ್ನುತ್ತದೆ ಅಂದರೆ ಒಳಗೆ ಲೀಕ್ ಆಗುತ್ತಿದೆ, ನನ್ನ ಮಾತಿಗೆ ಸಾಕ್ಷಿ ಸಿಕ್ಕಿತಲ್ವಾ? ಹೊಸದು ತನ್ನಿ. ಸಿಮೋಸ್ ಸೆಲ್ಲನ್ನೂ (ಸೆಟ್ಟಿಂಗ್, ತಾರೀಕು ನೆನಪಿಡಲು ಬೋರ್ಡಿನಲ್ಲಿರುವ ಬಿಲ್ಲೆ ಬ್ಯಾಟರಿ) ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿ.

ಗಿರಣಿಮನೆ · 12:52
ಜುಮ್ ಅನ್ನುವುದಕ್ಕೂ ಎಸ್‌ಎಂಪಿಎಸ್ ಸಾಯುವುದಕ್ಕೂ ಸಂಬಂಧ ಇಲ್ಲ. ಒಳಬರುವ ಫಿಲ್ಟರಿನಲ್ಲಿ ಫೇಸಿನಿಂದಲೂ ನ್ಯೂಟ್ರಲ್‌ನಿಂದಲೂ ಬಾಡಿಗೆ ಸಣ್ಣ ಕೆಪಾಸಿಟರ್ ಇರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಕರೆಂಟ್ ತೀರಾ ಕಡಿಮೆ, ಆದರೂ ಜುಮ್ ಅನ್ನುತ್ತದೆ. ಅದನ್ನು ಬೇರೆ ಸರಿ ಮಾಡಿಸಬೇಕು.

ಆರ್‌ಜಿಬಿ_ರಾಯ · 1:15
6500 ಇನ್ನೂ ಓಡಿಸುತ್ತಿದ್ದೀರಾ? ವಿಂಡೋಸ್ 10ರ ಸಪೋರ್ಟ್ ಈ ತಿಂಗಳು 14ಕ್ಕೆ ಮುಗಿಯುತ್ತದೆ, 11ರ ಪಟ್ಟಿಯಲ್ಲಿ ನಿಮ್ಮ ಪ್ರೊಸೆಸರ್ ಇಲ್ಲ. ನಾನು ಹೋದ ವರ್ಷ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೂತು ಜೋಡಿಸಿಕೊಂಡು ಬಂದೆ. ರೈಜೆನ್ 7 7800ಎಕ್ಸ್3ಡಿ, 64 ಜಿಬಿ, 850 ವ್ಯಾಟ್ ಗೋಲ್ಡ್, 360 ಎಂಎಂ ವಾಟರ್ ಕೂಲಿಂಗ್. ಒಂಬತ್ತು ಫ್ಯಾನ್. ರಾತ್ರಿ ರೂಮಿನ ಲೈಟ್ ಹಾಕುವುದೇ ಬೇಡ.

ಮಂಡಿ_ಲೆಕ್ಕ · 1:29
ಒಂಬತ್ತು ಫ್ಯಾನ್ ಯಾಕೆ, ಅಡಿಕೆ ಒಣಗಿಸುತ್ತೀರಾ? ಶಿರಸಿಯ ನಮ್ಮ ಮಂಡಿಯಲ್ಲಿ 2004ರ ಪೆಂಟಿಯಂ 4 ಇವತ್ತಿಗೂ ವಿಂಡೋಸ್ ಎಕ್ಸ್‌ಪಿಯಲ್ಲಿ ಬಿಲ್ ಹೊಡೆಯುತ್ತದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಒಂದೇ ಸಲ ಹಲ್ಲಿ ಹೊಕ್ಕು ಎಸ್‌ಎಂಪಿಎಸ್ ಢಮ್ ಅಂದಿತ್ತು.

ಆರ್‌ಜಿಬಿ_ರಾಯ · 1:33
ನೆಟ್‌ಗೆ ಮಾತ್ರ ಹಚ್ಚಬೇಡಿ ಯಜಮಾನ್ರೇ.

ಮಂಡಿ_ಲೆಕ್ಕ · 1:34
ನೆಟ್ ನೋಡಲಿಕ್ಕೆ ಮೊಬೈಲ್ ಇದೆ.

ಬೆಣ್ಣೆದೋಸೆ_ಡಿಟಿಪಿ · ಸಂಜೆ 5:20
ಹೊಸ ಎಸ್‌ಎಂಪಿಎಸ್ ತಂದೆ. 2,650 ರೂಪಾಯಿ. ಸೆಲ್ ತೆಗೆದು ಹಾಕಿದ್ದೂ ಆಯ್ತು. ಫ್ಯಾನ್ ತಿರುಗುತ್ತದೆ, ನಿಲ್ಲುತ್ತದೆ. ಏನೂ ಬದಲಾಗಿಲ್ಲ. ಈಗ ಯಾರಾದರೂ ‘ಕಣ್ಣು ಮುಚ್ಚಿಕೊಂಡು’ ಅಂದರೆ ಚೆನ್ನಾಗಿರಲ್ಲ.

ಸೋಲ್ಡರ್_ಹೊಗೆ · 5:26
ಹಾಗಿದ್ದರೆ ಹಳೇ ಎಸ್‌ಎಂಪಿಎಸ್ ಹೋಗುವಾಗ ಬೋರ್ಡನ್ನೂ ಕರೆದುಕೊಂಡು ಹೋಗಿದೆ. ಪ್ರೊಸೆಸರ್ ಪಕ್ಕದ ಕೆಪಾಸಿಟರ್ ತಲೆ ಉಬ್ಬಿದೆಯಾ ನೋಡಿ.

ಶುದ್ಧ_ಸಂಪರ್ಕ · 5:31
ಬೋರ್ಡಿಗೆ ಸಣ್ಣ ಬಜರ್ ಹಾಕಿದ್ದೀರಾ? ಇಲ್ಲ ಅಂದರೆ ‘ಬೀಪ್ ಇಲ್ಲ’ ಅನ್ನುವುದಕ್ಕೆ ಅರ್ಥವೇ ಇಲ್ಲ. ಈಚಿನ ಕ್ಯಾಬಿನೆಟ್ ಜೊತೆ ಅದನ್ನು ಕೊಡುವುದೇ ಅಪರೂಪ.

ಗಿರಣಿಮನೆ · 5:48
ಇನ್ನೇನೂ ಕೊಳ್ಳಬೇಡಿ. ಎರಡೇ ಪ್ರಶ್ನೆ. ಫ್ಯಾನ್ ತಿರುಗಲು ಶುರುವಾಗಿ ಎಷ್ಟು ಸೆಕೆಂಡಿಗೆ ನಿಲ್ಲುತ್ತದೆ? ಮೊಬೈಲಿನ ಸ್ಟಾಪ್‌ವಾಚ್ ಇಟ್ಟು ಮೂರು ಸಲ ನೋಡಿ. ಮತ್ತೆ, ನೀವು ಬಟನ್ ಒತ್ತಿದ ಮೇಲೆ ತಿರುಗುತ್ತದೋ, ಗೋಡೆಯ ಸ್ವಿಚ್ ಹಾಕಿದ ಕೂಡಲೇ ತಾನಾಗೇ ತಿರುಗುತ್ತದೋ?

ಬೆಣ್ಣೆದೋಸೆ_ಡಿಟಿಪಿ · 6:03
ಗೋಡೆಯ ಸ್ವಿಚ್ ಹಾಕಿದ ಕೂಡಲೇ. ಬಟನ್ ಮುಟ್ಟುವುದೇ ಬೇಡ. ಅದು ಹೇಳುವಂಥ ವಿಷಯ ಅನ್ನಿಸಲಿಲ್ಲ. ಸಮಯ 4 ಸೆಕೆಂಡ್, 4, ಮತ್ತೆ 4 ಚಿಲ್ಲರೆ. ಆಮೇಲೆ ಬಟನ್ ಎಷ್ಟು ಒತ್ತಿದರೂ ಅಲುಗಾಟ ಇಲ್ಲ.

ಗಿರಣಿಮನೆ · 6:10
ಹಾಗಾದರೆ ಬೋರ್ಡ್ ಸತ್ತಿಲ್ಲ. ಶಾರ್ಟ್ ಆಗಿದ್ದರೆ ಒಂದು ಸೆಕೆಂಡಿನೊಳಗೇ ಬಿದ್ದುಹೋಗುತ್ತಿತ್ತು, ಮೂರು ಸಲವೂ ಇಷ್ಟು ಲೆಕ್ಕವಾಗಿ ನಿಲ್ಲುತ್ತಿರಲಿಲ್ಲ. ಕಂಪ್ಯೂಟರ್ ಹ್ಯಾಂಗ್ ಆದಾಗ ಪವರ್ ಬಟನ್ ಒತ್ತಿ ಹಿಡಿದರೆ 4 ಸೆಕೆಂಡಿಗೆ ಆಫ್ ಆಗುತ್ತದಲ್ಲ, ಇದು ಅದೇ ಲೆಕ್ಕ. ನಿಮ್ಮ ಬಟನ್ ಒಳಗೇ ಕೂತುಬಿಟ್ಟಿದೆ. ಕರೆಂಟ್ ಬಂದ ಕೂಡಲೇ ‘ಒತ್ತಿದರು’ ಅಂತ ಬೋರ್ಡ್ ಏಳುತ್ತದೆ, ‘ಇನ್ನೂ ಬಿಟ್ಟಿಲ್ಲ’ ಅಂತ ಮಲಗುತ್ತದೆ.

ಬೋರ್ಡಿನ ಕೆಳಗೆ ಬಲಮೂಲೆಯಲ್ಲಿ ಸಣ್ಣ ಪಿನ್ನುಗಳ ಗುಂಪು ಇದೆ. ಪವರ್ ಎಸ್‌ಡಬ್ಲ್ಯೂ (ಸ್ವಿಚ್) ಅಂತ ಬರೆದ ಎರಡು ಪಿನ್ನಿನ ವೈರ್ ಕಿತ್ತುಬಿಡಿ. ಕರೆಂಟ್ ಕೊಡಿ. ಈಗ ತಾನಾಗೇ ತಿರುಗಬಾರದು. ಆಮೇಲೆ ಸ್ಕ್ರೂಡ್ರೈವರ್ ತುದಿಯನ್ನು ಆ ಎರಡು ಪಿನ್ನಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ತಾಗಿಸಿ ತೆಗೆಯಿರಿ. ಬೇರೆ ಪಿನ್ನಿಗೆ ತಾಗದಂತೆ ಹುಷಾರು.

ಅಂದಹಾಗೆ ಬುಧವಾರ ಆಯುಧಪೂಜೆ. ಕಂಪ್ಯೂಟರಿಗೂ ಪೂಜೆ ಆಯ್ತಾ?

ಬೆಣ್ಣೆದೋಸೆ_ಡಿಟಿಪಿ · 6:41
ಆನ್ ಆಯ್ತು!!!

ಪೂಜೆ ಆಗಿತ್ತು ಸಾರ್. ಅಮ್ಮ ಪ್ರಿಂಟರ್, ಕಟಿಂಗ್ ಮಷೀನ್, ಸ್ಕೂಟರ್ ಎಲ್ಲದರ ಜೊತೆ ಇದಕ್ಕೂ ಗಂಧ, ಕುಂಕುಮ ಇಟ್ಟರು. ಎಲ್ಲಿ ಇಡುವುದು ಅಂತ ಹುಡುಕಿ ಹಣೆ ಇದೇ ಇರಬೇಕು ಅಂತ ಸರಿಯಾಗಿ ಆ ಗುಂಡು ಬಟನ್ ಮೇಲೇ ಇಟ್ಟಿದ್ದಾರೆ. ಈಗ ಟಾರ್ಚ್ ಹಿಡಿದು ನೋಡಿದೆ. ಬಟನ್ ಸುತ್ತಲಿನ ಸಂದಿಯಲ್ಲಿ ಗಂಧ ಒಣಗಿ ಸುಣ್ಣದ ಹಾಗೆ ಗಟ್ಟಿಯಾಗಿದೆ, ಮೇಲೆ ಕುಂಕುಮದ ಪದರ. ಬಟನ್ ಅಕ್ಕಿಕಾಳಿನಷ್ಟು ಒಳಗೆ ಹೋಗಿ ಅಲ್ಲೇ ನಿಂತಿದೆ. ಉಗುರಿನಲ್ಲಿ ಕೆರೆದರೆ ಹಳದಿ ಪುಡಿ ಉದುರುತ್ತದೆ, ಬಟನ್ ಮಾತ್ರ ಹೊರಗೆ ಬರುತ್ತಿಲ್ಲ.

ಆದರೆ ಈಗ ಕಪ್ಪು ಪರದೆಯಲ್ಲಿ ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಅಂತ ಬರುತ್ತಿದೆ. ಎಸ್‌ಎಸ್‌ಡಿ ಹೋಯ್ತಾ? ಕಾರ್ಡ್ ಫೈಲ್?

ಸೋಲ್ಡರ್_ಹೊಗೆ · 6:44
ಎಸ್‌ಎಸ್‌ಡಿ ಇರಬಹುದು. ಹಳೇ ಎಸ್‌ಎಂಪಿಎಸ್ ಇದ್ದರೆ ಹೀಗೇ...

ಗಿರಣಿಮನೆ · 6:46
ಎಸ್‌ಎಸ್‌ಡಿ ಹೋಗಿಲ್ಲ. ಸಿಮೋಸ್ ಸೆಲ್ ತೆಗೆಸಿದ್ದರಲ್ಲ, ಅದರಿಂದ ಸೆಟ್ಟಿಂಗ್ ಎಲ್ಲಾ ಅಳಿಸಿ ಬೂಟ್ ಆರ್ಡರ್ (ಯಾವ ಡಿಸ್ಕಿನಲ್ಲಿ ಮೊದಲು ವಿಂಡೋಸ್ ಹುಡುಕಬೇಕು ಅನ್ನುವ ಸರದಿ) ಬದಲಾಗಿದೆ. ಹಳೇ 1 ಟಿಬಿ ಡಿಸ್ಕ್ ಮೊದಲು ಬಂದಿರುತ್ತದೆ, ಅದರಲ್ಲಿ ವಿಂಡೋಸ್ ಇಲ್ಲ. ಆನ್ ಮಾಡುವಾಗ ಡಿಲೀಟ್ ಕೀ ಬಡಿಯುತ್ತಾ ಬಯೋಸ್‌ಗೆ (ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ, ಎಸ್‌ಎಸ್‌ಡಿಯನ್ನು ಮೊದಲಿಗೆ ತನ್ನಿ. ಹಾಗೇ ತಾರೀಕನ್ನೂ ಸರಿ ಮಾಡಿ, ಇಲ್ಲದಿದ್ದರೆ ಬ್ಯಾಂಕಿನ ಸೈಟ್ ತೆರೆಯುವಾಗ ಸರ್ಟಿಫಿಕೇಟ್ ತಕರಾರು ಬರುತ್ತದೆ.

ಬಟನ್ ಹೊರಗೆ ಬರದಿದ್ದರೆ ಚಿಂತೆ ಬೇಡ. ರೀಸೆಟ್ ಎಸ್‌ಡಬ್ಲ್ಯೂ ವೈರನ್ನು ಪವರ್ ಪಿನ್ನಿಗೆ ಹಾಕಿ. ಎರಡೂ ಬರೀ ಒತ್ತುವ ಸ್ವಿಚ್ಚೇ. ಇನ್ನು ಮೇಲೆ ರೀಸೆಟ್ ಬಟನ್ನೇ ಪವರ್ ಬಟನ್.

ಬೆಣ್ಣೆದೋಸೆ_ಡಿಟಿಪಿ · 7:15
ವಿಂಡೋಸ್ ಬಂತು. ಕಾರ್ಡ್ ಫೈಲ್ ಇದೆ. ಮೊದಲು ಪೆನ್‌ಡ್ರೈವಿಗೆ ಹಾಕಿಕೊಂಡೆ. ರೀಸೆಟ್ ಬಟನ್ ಒತ್ತಿದರೆ ಆನ್ ಆಗುತ್ತಿದೆ, ಹೊಸ ಅಭ್ಯಾಸ ಮಾಡಿಕೊಳ್ಳಬೇಕು. ಅಮ್ಮನಿಗೆ ವಿಷಯ ಹೇಳಿದೆ. ‘ಪೂಜೆ ಮಾಡಿದ್ದಕ್ಕೇ ಇಷ್ಟು ಬೇಗ ರಿಪೇರಿ ಆಯ್ತು’ ಅಂದರು.

ಸೋಲ್ಡರ್_ಹೊಗೆ · 7:22
ಏನೇ ಹೇಳಿ, ಆ ಡಬ್ಬ ಎಸ್‌ಎಂಪಿಎಸ್ ಬದಲಾಯಿಸಿದ್ದು ಒಳ್ಳೆಯದೇ ಆಯ್ತು.

ಬೆಣ್ಣೆದೋಸೆ_ಡಿಟಿಪಿ · 7:24
2,650 ನೀವು ಕಳಿಸುತ್ತೀರಾ?

ಕರಾವಳಿ_ತುಕ್ಕು · 7:30
ರ್‍ಯಾಮ್ ಅಂತೂ ಈಗ ಫಳಫಳ.

ಶುದ್ಧ_ಸಂಪರ್ಕ · 7:33
ಎರಡು ವರ್ಷ ಬಿಟ್ಟು ಕೇಳಿ.

ಗಿರಣಿಮನೆ · 19 ಅಕ್ಟೋಬರ್ 2025, ರಾತ್ರಿ 9:05
ಆ ಜುಮ್ ಅನ್ನುವುದಕ್ಕೆ ಅರ್ಥಿಂಗ್ ಮಾಡಿಸಿದಿರಾ?