‘ಗಾರ್ಸೀನಿಯಾ’ವನ್ನು ಕೊಕಂ ಅನ್ನಬಹುದೇ?

ಪ್ರಶ್ನೆ, ಪುಣೆಯಿಂದ:

ಒಂದು ಮಾತ್ರೆಯ ಮಾಹಿತಿಪತ್ರ ಕನ್ನಡಕ್ಕೆ ಬರಬೇಕಿದೆ. ಮೂಲದಲ್ಲಿ ‘ಗಾರ್ಸೀನಿಯಾ ಕ್ಯಾಂಬೋಜಿಯಾ ಎಕ್ಸ್‌ಟ್ರಾಕ್ಟ್ 500 ಮಿ.ಗ್ರಾಂ, ಎಚ್‌ಸಿಎ 60%’ ಎಂದಿದೆ. ಕರಡಿನಲ್ಲಿ ಅದು ‘ಕೊಕಂ ರಸ 500 ಮಿ.ಗ್ರಾಂ’ ಆಗಿದೆ. ಸರಿಯೇ? ‘ವೇಟ್ ಮ್ಯಾನೇಜ್‌ಮೆಂಟ್’ಗೆ ‘ತೂಕ ನಿರ್ವಹಣೆ’ ಆದೀತೇ?

ಉತ್ತರ, ಮುಂಬಯಿಯಿಂದ:

ಕೊಕಂ ಖಂಡಿತ ಬೇಡ. ಇಲ್ಲಿನ ಕೊಕಂ ಗಾರ್ಸೀನಿಯಾ ಇಂಡಿಕಾ. ನಮ್ಮ ಮುರುಗಲು, ಕರಾವಳಿಯ ಪುನರ್ಪುಳಿ. ಗುಂಡಗೆ, ನುಣುಪಾಗಿ, ಕಡುಗೆಂಪಗಿರುವ ಹಣ್ಣು. ಕ್ಯಾಂಬೋಜಿಯಾ ಅಂದರೆ ಮಲೆನಾಡಿನ ಉಪ್ಪಾಗೆ. ಹಳದಿ ಹಣ್ಣು, ಮೈಮೇಲೆ ಪುಟ್ಟ ಕುಂಬಳಕ್ಕಿರುವಂಥ ಏಣುಗಳು. ಮಳೆಗಾಲದಲ್ಲಿ ಹಣ್ಣಾಗುವುದರಿಂದ ಸಿಪ್ಪೆಯನ್ನು ಬಿಸಿಲಿನ ಬದಲು ಬೆಂಕಿಯ ಮೇಲೆ ಒಣಗಿಸುತ್ತಾರೆ. ಕಪ್ಪಗಾಗುತ್ತದೆ, ಹೊಗೆಯ ವಾಸನೆ ಹಿಡಿಯುತ್ತದೆ. ಕೊಡಗಿನ ಅಡುಗೆಗೆ ಬಳಸುವ ಕಪ್ಪು ಹುಳಿ, ಕಾಚಂಪುಳಿ, ಆಗುವುದೂ ಈ ಹಣ್ಣಿನಿಂದಲೇ.

ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಅಂದರೆ ಎಚ್‌ಸಿಎ, ಎರಡರ ಸಿಪ್ಪೆಯಲ್ಲೂ ಇದೆ. ಗೊಂದಲ ಹುಟ್ಟುವುದು ಅಲ್ಲೇ. ಆದರೆ ‘ಕೊಕಂ’ ಎಂದು ಓದಿದವರು ದಾದರ್ ಮಾರ್ಕೆಟ್‌ನಲ್ಲಿ ಕೇಳಿದರೆ ಸಿಗುವುದು ಉಪ್ಪು ಹಾಕಿ ಒಣಗಿಸಿದ ಸಿಪ್ಪೆ. ರಕ್ತದೊತ್ತಡ ಇದ್ದವರು ಅದನ್ನೇ ಔಷಧಿಯೆಂದು ದಿನಾ ತಿಂದರೆ ಉಪ್ಪಿನ ಹೊರೆ. ಮರಾಠಿಯಲ್ಲಿ ಹಣ್ಣಿಗೆ ರತಾಂಬಾ, ಒಣಸಿಪ್ಪೆಗೆ ಆಮ್ಸೂಲ್, ಉಪ್ಪು ಬೆರೆಸಿಟ್ಟ ರಸಕ್ಕೆ ಆಗಳ್ ಎಂದು ಬೇರೆಬೇರೆ ಹೆಸರಿವೆ. ಗೋವಾದಲ್ಲಿ ಒಣಸಿಪ್ಪೆ ಸೊಲಾಂ. ಕನ್ನಡದಲ್ಲಿ ನಾವು ಎಲ್ಲಕ್ಕೂ ಒಂದೇ ಹೆಸರು ಹಿಡಿಯುತ್ತೇವೆ, ಹಾಗಾಗಿ ‘ಸಿಪ್ಪೆ’, ‘ರಸ’ ಎಂದು ಬಿಡಿಸಿ ಹೇಳಲೇಬೇಕು.

‘ರಸ’ವೂ ತಪ್ಪು. ರಸ ಹಿಂಡಿದ್ದು, ಇದು ಒಣಸಿಪ್ಪೆಯಿಂದ ಇಳಿಸಿ ಪುಡಿ ಮಾಡಿದ್ದು, ಆದ್ದರಿಂದ ‘ಸಾರ’. ‘ಅರ್ಕ’ ಬೇಡ, ಅದು ಬಟ್ಟಿ ಇಳಿಸಿದ್ದು. ಶೇಕಡಾವಾರು ಬಿಟ್ಟರೆ ಓದುಗರು 500ನ್ನೂ ಆಮ್ಲವೆಂದೇ ಎಣಿಸುತ್ತಾರೆ. ಹೀಗೆ ಬರೆಯಿರಿ: ‘ಉಪ್ಪಾಗೆ ಸಿಪ್ಪೆಯ ಸಾರ 500 ಮಿ.ಗ್ರಾಂ, ಅದರಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ 300 ಮಿ.ಗ್ರಾಂ’.

‘ನಿರ್ವಹಣೆ’ ಕಚೇರಿಯ ಮಾತು. ‘ತೂಕದ ಹತೋಟಿ’ ಸಾಕು. ‘ತೂಕ ಇಳಿಸುತ್ತದೆ’ ಎಂದಂತೂ ಬರೆಯಬೇಡಿ. 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 135 ಜನರಲ್ಲಿ ಕೆಲವರಿಗೆ ದಿನಕ್ಕೆ 1500 ಮಿ.ಗ್ರಾಂ ಆಮ್ಲ, ಉಳಿದವರಿಗೆ ಹುಸಿಮಾತ್ರೆ ಕೊಟ್ಟಿದ್ದರು. 12 ವಾರದ ಕೊನೆಗೆ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಈ ಮಾತ್ರೆಗಳಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ‘ಅಡ್ಡಪರಿಣಾಮ’ ಎಂಬ ಒಂದೇ ಪದದಿಂದ ಅದು ಯಾರಿಗೂ ತಿಳಿಯುವುದಿಲ್ಲ. ‘ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ, ಕೂಡಲೇ ಡಾಕ್ಟರನ್ನು ಕಾಣಿ’ ಎಂದು ದಪ್ಪಕ್ಷರದಲ್ಲಿ ಹಾಕಿಸಿ.